ಮೇಷ್ಟ್ರು ಮಡಚಿದ ಬೆಡ್‌ಶೀಟು

ಎಲ್ಲದಕ್ಕೂ ಕಾರಣ ಒಂದು ನೀರಿನ ಬಾಟಲಿ. ಮಗಳು ಅದನ್ನು ಊಟದ ಮೇಜಿನ ಮೇಲೆ ಮರೆತು ಕೆಲಸಕ್ಕೆ ಹೊರಟುಹೋಗಿದ್ದಳು. ಕೆಲಸ ಇನ್ನೂ ಪಕ್ಕಾ ಅಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವತ್ತೊಂದು ದಿನ ಮಾಡಿ ತೋರಿಸಬೇಕಿತ್ತು. ಡೌನ್ ಸಿಂಡ್ರೋಮ್ ಇರುವವರಿಗೆ ಕೆಲಸ ಕಲಿಸುವ ಕೇಂದ್ರದಲ್ಲಿ ಎಂಟು ತಿಂಗಳು ಬೆವರು ಸುರಿಸಿ ಇಲ್ಲಿವರೆಗೆ ಬಂದಿದ್ದಳು. ಅವಳ ಅಪ್ಪನಿಗೆ, ಅಂದರೆ ವಾರದ ಹಿಂದಷ್ಟೇ ನಿವೃತ್ತರಾದ ಗಡಿಬಿಡಿ ಮೇಷ್ಟ್ರಿಗೆ, ಕೇಂದ್ರದ ಟೀಚರು ಒಂದೇ ಮಾತು ಹೇಳಿದ್ದರು: "ಮನೆಯವರು ಒಳಗೆ ಕಾಲಿಟ್ಟರೆ ಪರೀಕ್ಷೆ ರದ್ದು. ನೀವಂತೂ ಆ ಕಡೆ ತಲೆ ಹಾಕಬೇಡಿ ಸಾರ್."

ಒಂಬತ್ತು ಗಂಟೆವರೆಗೆ ಮೇಷ್ಟ್ರು ಹೇಗೋ ತಡೆದುಕೊಂಡರು. ಅಷ್ಟರಲ್ಲಿ ಎದುರುಮನೆಯಾಕೆ ಬಂದು, "ನೀರೂ ಕೊಡದೆ ಕಳಿಸಿದ್ರಾ? ಏನು ಅಪ್ಪನೋ" ಎಂದು ಬತ್ತಿ ಇಟ್ಟು ಹೋದಳು. ಬಾಗಿಲಲ್ಲೇ ಕೊಟ್ಟು ಬಂದುಬಿಡೋಣ ಎಂದು ಮೇಷ್ಟ್ರು ಹೊರಟರು.

ಲಾಂಡ್ರಿಯ ಬಾಗಿಲಲ್ಲಿ ಮೇಲ್ವಿಚಾರಕಿ ನಿಂತಿದ್ದರು. "ಹೊಸದಾಗಿ ಕೆಲಸಕ್ಕೆ ಬಂದವರಾ? ಬೆಳಗ್ಗೆಯಿಂದ ಕಾಯ್ತಿದೀನಿ. ಏಪ್ರನ್ ಹಾಕ್ಕೊಳ್ಳಿ."

"ಅಲ್ಲ, ನಾನು..." ಎಂದು ಶುರುಮಾಡಿದ ಮೇಷ್ಟ್ರು ಗಪ್ಪನೆ ಬಾಯಿ ಮುಚ್ಚಿದರು. ಅಪ್ಪ ಅಂದರೆ ಮಗಳ ಕೆಲಸಕ್ಕೆ ಕಲ್ಲು ಬೀಳುತ್ತದೆ. ತೆಪ್ಪಗೆ ಏಪ್ರನ್ ಕಟ್ಟಿಕೊಂಡರು.

ಮಗಳು ನೋಡಿದಳು. ಕಣ್ಣಲ್ಲೇ ಸುಟ್ಟಳು.

"ಇವರಿಗೆ ಎಲಾಸ್ಟಿಕ್ ಬೆಡ್‌ಶೀಟ್ ಮಡಚೋದು ತೋರಿಸಮ್ಮ" ಎಂದರು ಮೇಲ್ವಿಚಾರಕಿ.

"ಮೊದಲು ಕೈ ತೊಳ್ಕೊಂಡು ಬನ್ನಿ ಸರ್" ಎಂದಳು ಮಗಳು.

ನಾಲ್ಕು ಮೂಲೆಗೂ ಎಲಾಸ್ಟಿಕ್ ಇರುವ ಬೆಡ್‌ಶೀಟು ಹಟಮಾರಿ ಕರುವಿನ ಹಾಗೆ. ಒಂದು ಮೂಲೆ ಹಿಡಿದರೆ ಇನ್ನೊಂದು ಜಾರಿತು. ಪಕ್ಕದ ಮೇಜಿನ ಹೆಂಗಸರು ಸುಮ್ಮನಿರುತ್ತಾರೆಯೇ? "ಎಳೀರಿ" ಅಂದಳೊಬ್ಬಳು. "ಎಳೀಬೇಡಿ, ಒಳಗೆ ತೂರಿಸಿ" ಅಂದಳು ಇನ್ನೊಬ್ಬಳು. ಇಬ್ಬರ ಮಾತೂ ಕೇಳಲು ಹೋದ ಮೇಷ್ಟ್ರ ತಲೆಯೇ ಬೆಡ್‌ಶೀಟಿನೊಳಗೆ ಸಿಕ್ಕಿಕೊಂಡಿತು. ಬಿಡಿಸಲು ಹೆಂಗಸರು ಎದ್ದರು.

"ಯಾರೂ ಮುಟ್ಟಬೇಡಿ, ಅವರೇ ಮಾಡ್ಲಿ" ಎಂದು ಮಗಳು ಕೈ ಹಿಂದೆ ಕಟ್ಟಿ ನಿಂತಳು. ಹನ್ನೆರಡು ಸಲ ಕೆಟ್ಟಿತು. ಹನ್ನೆರಡು ಸಲವೂ "ಇನ್ನೊಂದು ಸಲ ಸರ್" ಅಂದಳೇ ಹೊರತು ದನಿ ಏರಿಸಲಿಲ್ಲ. ಮನೆಯಲ್ಲಿ ಅವಳು ಟವೆಲ್ ಮಡಚಲು ಕೂತರೆ ಎರಡನೇ ಮಡಿಕೆಗೇ ಕಿತ್ತುಕೊಳ್ಳುತ್ತಿದ್ದ ಮೇಷ್ಟ್ರಿಗೆ ನಾಚಿಕೆಯಾಯಿತು. ಹೆಮ್ಮೆಯೂ ಆಯಿತು. ಮೂವತ್ತಮೂರು ವರ್ಷ ಪಾಠ ಹೇಳಿದರೂ ಇಂಥ ತಾಳ್ಮೆ ತಮಗೆ ಬಂದಿರಲಿಲ್ಲ.

ಸಂಜೆ ಮೇಲ್ವಿಚಾರಕಿ ಇಬ್ಬರನ್ನೂ ಕರೆದರು. "ನಿನ್ನ ಕೆಲಸ ನನಗೆ ಹಿಡಿಸ್ತಮ್ಮ. ಹೊಸಬರಿಗೆ ಕಲಿಸೋ ಜವಾಬ್ದಾರಿ ನಿಂದೇ. ಮೂರು ತಿಂಗಳಲ್ಲಿ ಇವರನ್ನ ತಯಾರು ಮಾಡು, ನಿನ್ನ ಕೆಲಸ ಖಾಯಂ." ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ನಿಮ್ಮನ್ನ ಮಧ್ಯಾಹ್ನವೇ ಮನೆಗೆ ಕಳಿಸ್ತಿದ್ದೆ. ಇನ್ನೂ ಕಲೀತಿದಾರೆ, ಕಳಿಸಬೇಡಿ ಅಂತ ಈಕೆ ಬಿಡಲಿಲ್ಲ."

ಬಸ್ಸಿನಲ್ಲಿ ಮೇಷ್ಟ್ರು ಮಗಳ ಸೀಟಿನ ಪಕ್ಕ ನಿಂತು ಪಿಸುಗುಟ್ಟಿದರು. "ಅಲ್ಲ ಕಣೇ, ನಾನು ನಾಳೆ ಬರಲ್ಲ ಅಂದ್ರೆ?"

"ನನ್ನ ಕೆಲಸ ಹೋಗುತ್ತೆ."

"ಅಪ್ಪ ಅಂತ ಹೇಳಿಬಿಟ್ರೆ?"

"ಆಗ್ಲೂ ಹೋಗುತ್ತೆ."

ಮೇಷ್ಟ್ರು ಉಸ್ಸೆಂದು ಅವಳ ಪಕ್ಕದಲ್ಲಿ ಕೂರಲು ಹೋದರು. ಲಾಂಡ್ರಿಯ ಹೆಂಗಸರು ಬಸ್ಸು ಹತ್ತುತ್ತಿದ್ದರು. ಮಗಳು ಸೀಟಿನ ಮೇಲೆ ಚೀಲ ಇಟ್ಟಳು.

"ಹಿಂದೆ ಜಾಗ ಇದೆ ಸರ್" ಎಂದಳು. "ನಾಳೆ ಏಳೂವರೆಗೆ. ಲೇಟ್ ಮಾಡಬೇಡಿ."