ಭಾವನ ಹೊಟ್ಟೆ ಮತ್ತು ಮೂರು ಮಹಡಿ

ಚರಪರ, ಚರಪರ! ಡೊಂಬಿವಲಿಯ ಅಕ್ಕನ ಮನೆ ಅಂದರೆ ಇವತ್ತಿಗೂ ನನ್ನ ಕಿವಿಯಲ್ಲಿ ಮೊದಲು ಏಳುವುದು ಈ ಸದ್ದು. ಸಾಂಬಾರ್ ಪಾರ್ಸೆಲ್ ಕಟ್ಟುವ ಪ್ಲಾಸ್ಟಿಕ್ಕನ್ನು ಹೊಟ್ಟೆಗೆ ಸುತ್ತಿಕೊಂಡು ನನ್ನ ಭಾವ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ನಡೆಯುವ ಸದ್ದು. ಮೈಯ ಕೊಬ್ಬಿನ ಬಗ್ಗೆ ಇಷ್ಟೆಲ್ಲ ಓದಿ, ಒಂದನ್ನೂ ನೆಟ್ಟಗೆ ತಿಳಿದುಕೊಳ್ಳದ ಜೀನಿಯಸ್ ಮುಂಬಯಿಯ ಇಡೀ ಸೆಂಟ್ರಲ್ ರೈಲ್ವೆ ಲೈನಿನಲ್ಲಿ ಇನ್ನೊಬ್ಬರಿರಲಿಲ್ಲ!

ಠಾಣೆ ಊರಿನ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿ ರಿಟೈರಾದವರು. ಹೊಟ್ಟೆ ಮಾತ್ರ ರಿಟೈರಾಗಿರಲಿಲ್ಲ. ಅದರ ಚಿಂತೆಯೂ ಅವರಿಗೆ ಇರಲಿಲ್ಲ, ಅಕ್ಕನ ಮೊಣಕಾಲು ಕೈಕೊಡುವವರೆಗೆ. ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಏಳು ತಿಂಗಳಿಂದ ಅಕ್ಕ ನೆಲ ಮೆಟ್ಟಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸುತ್ತೇವೆ ಎಂದು ಬಿಲ್ಡಿಂಗಿನ ಸೊಸೈಟಿಯವರು ಬಂದರೆ ಭಾವ ಕೆಂಡ!

"ನಾಲ್ಕು ಜನ ಹೊರುವ ಕಾಲ ಇನ್ನೂ ಬಂದಿಲ್ಲ ಮಾರಾಯ್ರೇ! ನನ್ನ ಹೆಂಡತಿ, ನಾನೇ ಎತ್ತಿ ಇಳಿಸ್ತೇನೆ."

ಎತ್ತಲು ಹೋದರು. ಅಕ್ಕ ಇರಬೇಕಾದ ಜಾಗದಲ್ಲೆಲ್ಲ ಹೊಟ್ಟೆ! ತೋಳು ಸಾಲಲೇ ಇಲ್ಲ. ಅಂದಿನಿಂದ ಶುರುವಾಯಿತು ಚರಪರ.

ನಾನು ಕಲಿಸುವ ಬೇಲಾಪುರದ ಕಾನ್ವೆಂಟಿನಲ್ಲಿ 'ಸ್ವೆಟ್' ಅನ್ನುವ ಹಾಗೇ ಇಲ್ಲ, 'ಪರ್ಸ್ಪಿರೇಷನ್' ಅನ್ನಬೇಕು. ಭಾವ ಆ ಪರ್ಸ್ಪಿರೇಷನ್ನಿನ ಟವೆಲನ್ನು ನನ್ನೆದುರೇ ಬಕೆಟಿಗೆ ಹಿಂಡಿ, "ನೋಡು, ಕೊಬ್ಬು ಹೇಗೆ ಕರಗಿ ಬರ್ತಾ ಉಂಟು!" ಎನ್ನುತ್ತಿದ್ದರು.

"ಬಕೆಟಿಗೆ ಯಾಕೆ? ಬಾಣಲೆಗೆ ಹಿಂಡಿ," ಎಂದಳು ಅಕ್ಕ. "ಒಗ್ಗರಣೆಗೆ ಎಣ್ಣೆ ಮುಗಿದಿದೆ."

ಆಮೇಲೆ ಸಿಟ್‌ಅಪ್ಸ್. ಹೊಟ್ಟೆಗೆ ವ್ಯಾಯಾಮ ಮಾಡಿದರೆ ಹೊಟ್ಟೆಯದೇ ಕೊಬ್ಬು ಇಳಿಯುತ್ತದಂತೆ! ನಾನು ಹೇಳಿದೆ, "ಭಾವ, ಫ್ಯಾಟ್ ನಿಮ್ಮ ಪ್ಯಾಸೆಂಜರ್ ಅಲ್ಲ, ನೀವು ಹೇಳಿದ ಸ್ಟೇಷನ್ನಿನಲ್ಲೇ ಇಳಿಯೋದಕ್ಕೆ." ಹಾಗೇ ಆಯಿತು. ಕೆನ್ನೆ ಇಳಿಯಿತು, ಕತ್ತು ಇಳಿಯಿತು, ಹೊಟ್ಟೆ ಸೀಟು ಬಿಟ್ಟು ಏಳಲಿಲ್ಲ. ಪಕ್ಕದ ಮನೆಯವರು ಪಾಪ, ಕಾಯಿಲೆ ಅಂತ ತಿಳಿದು ಎಳನೀರು ತಂದುಕೊಟ್ಟರು!

ಆದರೂ ಬಿಡುವ ಹಾಗಿಲ್ಲವಲ್ಲ? ಬಿಟ್ಟರೆ ಮಸಲ್ ಎಲ್ಲ ಪುನಃ ಫ್ಯಾಟ್ ಆಗುತ್ತದೆ ಎನ್ನುವುದು ಅವರ ದೊಡ್ಡ ಭಯ. ನಿಂತೇ ಪೇಪರ್, ನಡೆಯುತ್ತಲೇ ಊಟ. ಒಬ್ಬರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಹಿಂಬದಿ ನಿಂತು ಹಿಮ್ಮಡಿ ಎತ್ತಿ ಇಳಿಸಿ, ಎತ್ತಿ ಇಳಿಸಿ ಮಾಡುತ್ತಿದ್ದರು. ಭಟ್ಟರು ಕಥೆ ನಿಲ್ಲಿಸಿ, "ಅರ್ಜೆಂಟಾದರೆ ಹೋಗಿ ಬನ್ನಿ, ಸಂಕೋಚ ಬೇಡ," ಎಂದರು!

"ಭಾವ, ಮಸಲ್ ಬೇರೆ, ಫ್ಯಾಟ್ ಬೇರೆ. ಡಬ್ಬಿಯಲ್ಲಿಟ್ಟ ಉದ್ದು ಅಕ್ಕಿ ಆಗ್ತದಾ?"

"ರುಬ್ಬಿದರೆ ಎರಡೂ ಒಂದೇ ದೋಸೆ!"

ಹೋಟೆಲಿನವರ ಜೊತೆ ಆರ್ಗ್ಯುಮೆಂಟ್ ಸಾಧ್ಯವೇ?

ಅಕ್ಕ ಮಾತ್ರ ಸೊರಗುತ್ತಿದ್ದಳು. ಒಂದು ಭಾನುವಾರ ಬೇಲಾಪುರದಿಂದ ಹೋಗಿದ್ದಾಗ, ಅವಳು ತನ್ನ ಅನ್ನವನ್ನು ಮೆಲ್ಲನೆ ಪಾತ್ರೆಗೆ ವಾಪಸ್ ಸುರಿಯುವುದನ್ನು ನೋಡಿದೆ. "ಎಂತ ಅಕ್ಕ ಇದು?" ಅಂದೆ. "ಅವರದು ಇಳಿಯುವ ಹಾಗೆ ಕಾಣುವುದಿಲ್ಲ. ನಾನಾದರೂ ಹಗುರ ಆಗ್ತೇನೆ," ಎಂದಳು.

ಬಾಗಿಲಲ್ಲಿ ಭಾವ ನಿಂತಿದ್ದರು. ಅವರು ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದನ್ನು ನಾನು ಕಂಡಿರಲಿಲ್ಲ.

"ನಿನ್ನನ್ನು ಅರ್ಧ ಮಾಡಿ ಇಳಿಸೋದಕ್ಕಾ ನಾನು ಇಷ್ಟು ಬೆವರಿದ್ದು?"

ಮೊದಲು ಅವಳಿಗೆ ಎರಡು ಸಲ ಅನ್ನ ಬಡಿಸಿ, ಎದುರು ಕೂತು ಉಣ್ಣಿಸಿದರು. ಸಂಜೆ ನಾನು ಹೊರಟು ನಿಂತಾಗ ಅವಳ ಮಂಚದ ಮುಂದೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತರು.

"ಹತ್ತು. ಉಪ್ಪುಮೂಟೆ."

"ಹೋಯ್, ತಲೆ ಸರಿ ಉಂಟಾ ನಿಮಗೆ?"

"ಹೊಟ್ಟೆ ಮುಂದೆ ತಾನೇ ಇರುವುದು? ಬೆನ್ನು ಖಾಲಿ!"

ಇಷ್ಟು ತಿಂಗಳು ನಮ್ಮ ಯಾರ ತಲೆಗೂ ಹೊಳೆಯಲಿಲ್ಲವಲ್ಲ! ಒಂದೊಂದೇ ಮೆಟ್ಟಿಲು, ಒಂದು ಕೈ ಕಟಕಟೆಯ ಮೇಲೆ. ಹಿಂದಿನಿಂದ ನಾನು ಅಕ್ಕನ ಸೆರಗು ಹಿಡಿದು, ಬಾಯಲ್ಲಿ ಕಾನ್ವೆಂಟಿನ 'ಹೇಲ್ ಮೇರಿ' ಪ್ರಾರ್ಥನೆ. ಪ್ರತಿ ಮಹಡಿಯಲ್ಲಿ ಏದುಸಿರು, ಪ್ರತಿ ಮಹಡಿಯಲ್ಲಿ ಅಕ್ಕನ ಬೈಗುಳ. ಕೆಳಗೆ ಬಂದ ಮೇಲೂ ಭಾವ ಅವಳನ್ನು ಇಳಿಸಲಿಲ್ಲ. ಗೇಟಿನಾಚೆ ತರಕಾರಿ ಗಾಡಿಯತ್ತ ನಡೆದೇಬಿಟ್ಟರು. ನಾನು ಸ್ಟೇಷನ್ನಿಗೆ ರಿಕ್ಷಾ ಹತ್ತಿದೆ.

ರಿಕ್ಷಾ ತಿರುಗುವಾಗ ಹಿಂತಿರುಗಿ ನೋಡಿದೆ. ಭಾವನನ್ನು ನಾನು ಕಡೆಯ ಸಲ ನೋಡಿದ್ದು ಆಗಲೇ. ಅಕ್ಕ ಅವರ ಹೆಗಲ ಮೇಲಿಂದ ಕೈಚಾಚಿ ಬೆಂಡೆಕಾಯಿಯ ತುದಿಗಳನ್ನು ಪಟಪಟ ಮುರಿದು ನೋಡುತ್ತಿದ್ದಳು. ಮುರಿಯಬೇಡಿ ಆಜಿ ಅಂತ ಗಾಡಿಯವನು ಮರಾಠಿಯಲ್ಲಿ ಕೂಗುತ್ತಿದ್ದ. ಬಾಗಿದ ಭಾವ, ಮುಖವೆಲ್ಲ ನೀರು, "ಆಯ್ತಾ?" ಎಂದರು.

"ನಿಲ್ಲಿ," ಎಂದಳು ಅಕ್ಕ. "ಇನ್ನೂ ಕಾಲು ಕಿಲೋ ಆರಿಸ್ಲಿಕ್ಕುಂಟು."