ಅಟ್ಟ ತುಂಬ ಅನುಮಾನ

ಹಳೆಯ ಹಂಚಿನ ಮನೆಗಳ ಅಟ್ಟ ಹತ್ತಿ, ಎಲ್ಲಿ ಸೋರುತ್ತದೆ, ಯಾವ ಹಲಗೆಗೆ ಗೆದ್ದಲು ಹಿಡಿದಿದೆ ಎಂದು ನೋಡಿ ರಿಪೇರಿ ಮಾಡುವುದು ನನ್ನ ಕೆಲಸ. ಮಳೆಗಾಲ ಹತ್ತಿರ ಬಂತೆಂದರೆ ಒಂದಿಲ್ಲೊಂದು ಫಜೀತಿ ಇದ್ದದ್ದೇ. ಅಟ್ಟದಲ್ಲಿ ಇಲಿ, ಜೇಡ, ಬಾವಲಿ ಎಲ್ಲ ಇರುತ್ತವೆ. ಅವಕ್ಕಿಂತ ಹೆಚ್ಚಾಗಿ ಮನೆಯವರ ಸಂಶಯ ಇರುತ್ತದೆ.

ಇಳಿದ ಕಾಲು

ಗೋಕಾಕದ ನಿವೃತ್ತ ಮಾಸ್ತರರೊಬ್ಬರಿಗೆ ನನ್ನ ಮೇಲೇ ಗುಮಾನಿ. ಗಟ್ಟಿ ಹಲಗೆ ನಾನೇ ಮುರಿದು ಕೆಲಸ ಬೆಳೆಸುತ್ತೇನಂತೆ. ಹೆಂಡತಿಗೂ ಹೇಳದೆ ನನ್ನ ಹಿಂದೆಯೇ ಅಟ್ಟ ಹತ್ತಿದರು. ಒಂದು ಹಲಗೆ ತೋರಿಸಿ, ಗೆದ್ದಲು ತಿಂದಿದೆ, ಅಲ್ಲಿ ಕಾಲಿಡಬೇಡಿ ಎಂದೆ. ಏನನ್ನೋ ಮುಚ್ಚಿಡುತ್ತಿದ್ದೇನೆ ಎಂದುಕೊಂಡು ಅಲ್ಲೇ ಕಾಲಿಟ್ಟರು. ಕಾಲು ಮೊಣಕಾಲಿನ ತನಕ ಅಡುಗೆಮನೆಗೆ ಇಳಿಯಿತು. ಕೆಳಗೆ ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿ ಸ್ಟೂಲ್ ಹತ್ತಿ, ಆ ಕಾಲನ್ನು ಗಟ್ಟಿಯಾಗಿ ಹಿಡಿದು, ಗಂಡನನ್ನೇ ಕೂಗತೊಡಗಿದರು.

“ರೀ, ಲಗೂನ ಬರ್ರಿ. ಹಲಗಿ ಮುರಿಯೋ ಮಿಸ್ತ್ರಿನ್ನ ಹಿಡದೇನಿ.”

ಬೂದಿಯ ಮೇಲಿನ ಹೆಜ್ಜೆ

ಮೂಡಲಗಿಯ ಒಂದು ಮನೆಯಲ್ಲಿ ಅಟ್ಟದ ಮೇಲಿಟ್ಟ ಶೇಂಗಾ ಚೀಲ ದಿನೇ ದಿನೇ ಕರಗುತ್ತಿತ್ತು. ಸೊಸೆಯೇ ತಿನ್ನುತ್ತಾಳೆಂದು ಅತ್ತೆಯ ಅನುಮಾನ. ಕಳ್ಳಿಯ ಹೆಜ್ಜೆ ಮೂಡಲಿ ಎಂದು ಅಟ್ಟದ ತುಂಬ ಒಲೆಯ ಬೂದಿ ಚೆಲ್ಲಿದ್ದರು. ನಾನು ಹತ್ತಿ ನೋಡಿದೆ. ಹಂಚಿನ ಸಂದಿಯಲ್ಲಿ ಇಲಿ ಸಂಸಾರ ಹೂಡಿತ್ತು, ಪಕ್ಕದಲ್ಲೇ ಶೇಂಗಾ ಸಿಪ್ಪೆಯ ರಾಶಿ. ಬೂದಿಯ ಮೇಲೆ ಇಲಿಯ ಗುರುತು ಬಿಟ್ಟರೆ ಇದ್ದದ್ದು, ಹೆಜ್ಜೆ ಮೂಡಿತೇ ಎಂದು ದಿನಾ ಹತ್ತಿ ನೋಡುತ್ತಿದ್ದ ಅತ್ತೆಯ ಹೆಜ್ಜೆಗಳು ಮಾತ್ರ. ಇದನ್ನೆಲ್ಲ ಬಿಡಿಸಿ ಹೇಳಿದೆ. ಅತ್ತೆ ಸೊಸೆಯತ್ತ ಬೆರಳು ತೋರಿಸಿದರು.

“ನೋಡ್ರಿ ಮತ್ತ, ಎಷ್ಟ ಶಾಣ್ಯಾಕಿ ಅದಾಳ. ನನ್ನ ಹೆಜ್ಜಿ ಮ್ಯಾಲನ ಹೆಜ್ಜಿ ಇಟ್ಟ ಹೋಗ್ಯಾಳ.”

ಅವರ ಡಬ್ಬಿ

ಹುಕ್ಕೇರಿಯ ಆ ಮನೆಯಲ್ಲಿ ಅಣ್ಣ ತಮ್ಮ ಬೇರೆಯಾಗಿ ನಡುವೆ ಗೋಡೆ ಎಬ್ಬಿಸಿದ್ದರು. ಮಾತುಕತೆ ಬಂದ್. ಆದರೆ ಗೋಡೆ ಅಟ್ಟದಲ್ಲಿ ಹಂಚಿನ ತನಕ ಮುಟ್ಟಿರಲಿಲ್ಲ, ಮೇಲೆ ಸಂದಿ ಉಳಿದಿತ್ತು. ಮನೆಯಲ್ಲಿ ಮಾಡಿಟ್ಟ ಚಕ್ಕಲಿ, ಕರ್ಚಿಕಾಯಿ ಮಾಯವಾಗುತ್ತಿವೆ, ತಮ್ಮನ ಮನೆಯವರು ಆ ಸಂದಿಯಿಂದಲೇ ಕದಿಯುತ್ತಾರೆ ಎಂದು ಅಣ್ಣ ನನ್ನನ್ನು ಕರೆಸಿದ್ದರು.

“ಸಂದಿ ಮುಚ್ಚೂಕಿಂತ ಮೊದಲ ಸಾಕ್ಷಿ ಹುಡುಕ್ರಿ. ಸಿಕ್ಕರ ಸೀದಾ ಸ್ಟೇಷನ್ನಿಗೆ ಹೋಗತೇನಿ” ಎಂದರು.

ನನ್ನ ಒಂದು ಮಾತಿಗೆ ಒಡಹುಟ್ಟಿದವರು ಪೊಲೀಸರ ಮುಂದೆ ನಿಲ್ಲಬೇಕಲ್ಲ. ಮೇಲೆ ಹತ್ತಿದರೆ ಗೋಡೆಯ ತಲೆಯ ಮೇಲೆ ತಮ್ಮನ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿ. ಒಳಗೆ ಘಮಘಮ ಅಂಟಿನ ಉಂಡಿ. ಮುಚ್ಚಿಟ್ಟರೆ ನಾನೇ ಕಳ್ಳನಾಗುತ್ತೇನೆಂದು ಕೆಳಗೆ ತಂದಿಟ್ಟೆ.

ಅಣ್ಣ ಹೆಸರು ಓದಿ ಹೆಂಡತಿಯನ್ನು ದಿಟ್ಟಿಸಿದರು. ಆಕೆ ಸೆರಗು ಸರಿಮಾಡಿಕೊಂಡು ಹೇಳಿದರು:

“ಜಗಳ ಆದ ದಿನ ಅವರ ಡಬ್ಬಿ ನಮ್ಮ ಕಡೆ ಉಳದಿತ್ತರಿ. ಮಾತ ಬಿಟ್ಟೇವಿ ಖರೆ, ಆದರ ಡಬ್ಬಿ ಖಾಲಿ ಹೆಂಗ ಕೊಡೂದು? ಚಕ್ಕಲಿ ತುಂಬಿ ಮ್ಯಾಲ ಇಟ್ಟೆ. ನನ್ನ ಚಕ್ಕಲಿ ತಿಂದು ನಿಮ್ಮ ತಮ್ಮನ ಹೆಂಡತಿ ಸುಮ್ಮನ ಕುಂಡ್ರತಾಳೇನ್ರಿ? ಆವಾಗಿಂದ ಡಬ್ಬಿ ತುಂಬಿ ಹೋಗೂದು, ತುಂಬಿ ಬರೂದು ನಡದೈತಿ.”

ಅಣ್ಣ ಆ ಸಾಕ್ಷಿಯಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಕೈಗಿಟ್ಟರು. ಹಾಗಾದರೆ ಸಂದಿ ಮುಚ್ಚಲೇ ಎಂದು ಕೇಳಿದೆ.

“ಸದ್ಯ ಬ್ಯಾಡ್ರಿ. ಡಬ್ಬಿ ಅವರದೈತಿ, ಖಾಲಿ ಕೊಡಾಕ ಬರೂದಿಲ್ಲ. ನಾಳೆ ಸಂಕೇಶ್ವರಕ್ಕ ಹೋಗಿ ಪೇಢಾ ತರತೇನಿ.”