ಲಿಬರ್ಟಿಗೆ ವಿಭೂತಿ ಸ್ನಾನ

ಕೊಳೆಗೂ ಒಂದು ಇಂಗ್ಲಿಷ್ ಹೆಸರಿಟ್ಟರೆ ಮರ್ಯಾದೆ ಬರುತ್ತದೆ. ಇದು ನನಗೆ ತಿಳಿದದ್ದು ನಮ್ಮ ಯಜಮಾನರಿಗೆ ಹಳೇ ಅಮೆರಿಕನ್ ಬೆಳ್ಳಿ ನಾಣ್ಯಗಳ ಹುಚ್ಚು ಹಿಡಿದ ಮೇಲೆ. ಕೋವಿಡ್ ಕಾಲದಲ್ಲಿ ಜನ ಬ್ರೆಡ್ ಮಾಡಲು ಕಲಿತರು. ಇವರು ಭೂತಗನ್ನಡಿ ಕೊಂಡರು. ಅಮೆರಿಕದ ಎಲಿಕಾಟ್ ಸಿಟಿಯಲ್ಲಿರುವ ನಮ್ಮ ಮನೆಯ ಊಟದ ಮೇಜು ಅಂದಿನಿಂದ ಮ್ಯೂಸಿಯಂ. ಇವರ ಪಟ್ಟದರಸಿ, ಇನ್ನೂರು ವರ್ಷ ದಾಟಿದ ಒಂದು ಅರ್ಧ ಡಾಲರ್. ಒಂದು ಕಡೆ ಲಿಬರ್ಟಿ ಎಂಬ ಹೆಂಗಸು, ರಿಬ್ಬನ್ ಕಟ್ಟಿಯೂ ತಲೆ ಬಾಚಿಕೊಳ್ಳಲು ಮರೆತವಳು. ಇನ್ನೊಂದು ಕಡೆ ಎದೆಗೆ ಗುರಾಣಿ ಕಟ್ಟಿಕೊಂಡ ಹದ್ದು. ಮೈಸೂರಿನಲ್ಲಿ ಗಂಡಭೇರುಂಡ ನೋಡಿ ಬೆಳೆದ ನನಗೆ ಒಂದೇ ತಲೆಯ ಹಕ್ಕಿ ಅರ್ಧಕ್ಕೆ ನಿಂತ ಕೆಲಸದಂತೆ ಕಂಡಿತು. ಒಟ್ಟಾರೆ ಕಾವಲಿಯ ತಳದಷ್ಟು ಕಪ್ಪು. "ಸ್ವಲ್ಪ ತೊಳೀರಿ" ಅಂದರೆ, "ಕೊಳೆ ಅಲ್ಲ ಕಣೇ, ಟೋನಿಂಗ್! ಕ್ಲೀನ್ ಮಾಡಿದ್ರೆ ಕಲೆಕ್ಟರ್ಸ್ ಮೂಸಿಯೂ ನೋಡಲ್ಲ" ಅನ್ನುವರು.

ವರಮಹಾಲಕ್ಷ್ಮಿ ಹಬ್ಬ ಬಂತು. ಸೋಮವಾರ ನಾಣ್ಯವು, ಪರೀಕ್ಷಿಸಿ ದರ್ಜೆ ಕೊಡುವ ಪರಿಣತರಲ್ಲಿಗೆ ಹೊರಡಬೇಕಿತ್ತು. ಇವರು ಮಗಳ ರಿಸಲ್ಟಿಗೂ ಇಷ್ಟು ಚಡಪಡಿಸಿರಲಿಲ್ಲ. ದೇವಿಯ ಆಶೀರ್ವಾದವೂ ಇರಲೆಂದು, ಗ್ಲೌಸ್ ತೊಟ್ಟು, ನಾಣ್ಯವನ್ನು ಪೂಜೆಯ ತಟ್ಟೆಯಲ್ಲಿಟ್ಟು ಸ್ನಾನಕ್ಕೆ ಹೋದರು. ನಾನು ಒಬ್ಬಟ್ಟು ತಟ್ಟುತ್ತಿದ್ದೆ. ಆಲ್ಡಿ ಎಂಬ ಊರಿನಿಂದ ಹಬ್ಬಕ್ಕೆ ಬಂದಿದ್ದ ನಾದಿನಿ ಸುಮಾ ಬೆಳ್ಳಿ ಸಾಮಾನು ಬೆಳಗಲು ಕೂತಿದ್ದಳು.

ಇವರು ಪಂಚೆಯುಟ್ಟು ಬಂದಾಗ ಅವಳು ನಾಣ್ಯ ಎತ್ತಿ ಹಿಡಿದಳು. "ಏನಣ್ಣಾ, ಲಕ್ಷ್ಮಿ ಮುಂದೆ ಇಂಥ ಕರಿ ಕಾಸು ಇಡೋದಾ? ವಿಭೂತಿ ಹಾಕಿ ಚೆನ್ನಾಗಿ ಉಜ್ಜಿದೀನಿ. ಮುಖ ನೋಡ್ಕೋಬಹುದು, ನೋಡು!"

ಇವರು ಹತ್ತಿರ ಬಂದು ನಾಣ್ಯದ ಎರಡೂ ಕಡೆ ನೋಡಿದರು. ಹಬ್ಬದ ದಿನ, ಒಬ್ಬಳೇ ತಂಗಿ. "ಚೆನ್ನಾಗಿದೆ ಪುಟ್ಟಿ" ಎಂದು ಗ್ಯಾರೇಜಿಗೆ ಹೋಗಿ ಕಾರಿನಲ್ಲಿ ಕೂತರು. ಕಾರು ಸ್ಟಾರ್ಟ್ ಆದ ಸದ್ದು ಕೇಳಲಿಲ್ಲ. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಪೂಜೆಗೆ ಕರೆದಾಗ ಬಂದರು, ಮಂಗಳಾರತಿ ತೆಗೆದುಕೊಂಡರು, ಸಂಜೆಯವರೆಗೆ ತುಟಿ ಬಿಚ್ಚಲಿಲ್ಲ. ಒಬ್ಬಟ್ಟಿಗೆ ತುಪ್ಪ ಕೂಡ ಕೇಳದಿದ್ದಾಗ ನನಗೆ ನಿಜಕ್ಕೂ ಭಯವಾಯಿತು.

ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಬೀದಿಯ ಹುಡುಗಿ ತಟ್ಟೆ ನೋಡಿ, "ಇದ್ಯಾವ ದೇವಿ, ಆಂಟಿ? ಸೋ ಶೈನಿ!" ಎಂದಳು. ವಿವರಿಸಬೇಕಾದವರು ಮೂಲೆಯ ಸೋಫಾದಲ್ಲಿ ಕಲ್ಲಾಗಿದ್ದರು. ಪಾಪ ಅನ್ನಿಸಿ ನಾನೇ ಶುರು ಮಾಡಿದೆ: ಆ ಕಾಲದ ಟಂಕಸಾಲೆ, ಲಿಬರ್ಟಿಯ ಭುಜದ ಮೇಲಿನ ಸೆರಗು, ಸುತ್ತಲಿನ ನಕ್ಷತ್ರಗಳು. ಹುಡುಗಿ ಮೆಲ್ಲಗೆ ಫೋನು ತೆಗೆದಳು. ನಾನು ದನಿ ಏರಿಸಿದೆ. "ಹದ್ದು ಎಡಗಾಲಲ್ಲಿ ಬಾಣ ಹಿಡ್ಕೊಂಡಿದೆ..."

"ಬಲಗಾಲು ಕಣೇ" ಎಂದಿತು ಸೋಫಾ.

"ಸ್ವಲ್ಪ ಸುಮ್ನಿರ್ತೀರಾ?" ಎಂದೆ. "ನಾನು ಹೇಳ್ತಿದೀನಲ್ಲ!"